ಚಕ್ರದ ಕಥೆ, ಭಾಗ 3: ಆ ನೀಲಿ ಚಕ್ರ ವಾಪಸ್ ಕೊಡಿ

ಭಾಗ 2 ನೋಡಿ "ಬ್ರೋ, ನಂಗೂ ಒಂದು ಜೊತೆ ಮಾಡ್ಕೊಡು" ಅಂತ ಡಿಎಂ ಮಾಡಿದವರೆಲ್ಲ ಇದನ್ನ ಪೂರ್ತಿ ಓದಿ. ಎಲ್ರಿಗೂ ಉತ್ತರ ಇಲ್ಲೇ ಇದೆ.

ಹೊಸಬರಿಗೆ ಎರಡೇ ಮಾತು. ಹಿಮ್ಮಡಿಯಲ್ಲಿ ಚಕ್ರ ಇರೋ ಶೂ ಇದೆಯಲ್ಲ, 1998ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಅನ್ನೋರು ಶೂ ಹಿಮ್ಮಡಿ ಕೊಯ್ದು ಚಕ್ರ ತೂರಿಸಿ ನೋಡಿದ್ದು, ಅದೇ ಮುಂದೆ ಹೀಲೀಸ್ ಆಯ್ತು. 2006ರ ಡಿಸೆಂಬರ್‌ನಲ್ಲಿ ನಾಸ್ಡಾಕ್‌ಗೆ ಬಂದ ಕಂಪನಿ, 2008ರಷ್ಟೊತ್ತಿಗೆ ಮಾರಾಟ ನೆಲ ಕಚ್ಚಿತ್ತು. (ಬಿಕಾಂ ಬುದ್ಧಿ, ಬಿಡಕ್ಕಾಗಲ್ಲ.) ನಮ್ಮ ಕಾಲಲ್ಲಿರೋದು ಅದಲ್ಲ, ಶಿವಾಜಿನಗರದ ಗಲ್ಲಿಯಲ್ಲಿ ತಗೊಂಡ ಹೆಸರಿಲ್ಲದ ಮಾಲು. ಎರಡು ತಿಂಗಳಿಗೆ ಚಕ್ರ ಒಂದು ಕಡೆ ಸವೆದು ಚಪ್ಪಟೆ. ಸ್ಪೇರ್ ಕೇಳಿದ್ರೆ "ಹೊಸ ಶೂನೇ ತಗೊಳ್ಳಪ್ಪ" ಅಂತಾರೆ. ಅದಕ್ಕೇ ನಾನು ಚಕ್ರ ಎರಕ ಹೊಯ್ಯೋಕೆ ಶುರು ಮಾಡಿದ್ದು.

ಜುಲೈನಲ್ಲಿ ಮಾಡಿದ್ದು ಒಟ್ಟು 19 ಚಕ್ರ. ಎರಡು ಬಾಟಲಿ ಪಾಲಿಯುರೆಥೇನ್ ರೆಸಿನ್, ಸಿಲಿಕೋನ್ ಅಚ್ಚು, ನೀಲಿ ಬಣ್ಣ, ಒಂದೊಂದಕ್ಕೂ ಎರಡು 688 ಬೇರಿಂಗ್. ಒಳಗೆ 8 ಮಿಮೀ, ಹೊರಗೆ 16, ದಪ್ಪ 5. ಕೆ.ಆರ್. ಪುರದ ನಮ್ಮನೆ ಬಾಲ್ಕನಿಯಲ್ಲಿ, ಹೊರಗೆ ಜಿಟಿಜಿಟಿ ಮಳೆ. 3 ಚಕ್ರದ ಮೇಲೆ ಗುಳ್ಳೆ ಕಾಣ್ತು, ಎಸೆದೆ. ಎಕ್ಸೆಲ್‌ನಲ್ಲಿ "ನಾರ್ಮಲ್ ಲಾಸ್" ಅಂತ ಹಾಕ್ಕೊಂಡೆ. ಉಳಿದ 8 ಜೊತೆ, ಜೊತೆಗೆ 400 ರೂಪಾಯಿ, ಒಟ್ಟು 3,200. ಖರ್ಚು 2,640. ಲಾಭ 560. ಆ ಸ್ಕ್ರೀನ್‌ಶಾಟ್ ಸ್ಟೋರಿಗೆ ಬೇರೆ ಹಾಕಿದ್ದೆ, ನೆನಪಿದ್ಯಾ?

19ರಲ್ಲಿ 3 ಯಾಕೆ ಗುಳ್ಳೆ ಬಂತು ಅಂತ ನಾನು ಕೇಳ್ಕೊಳ್ಳಲೇ ಇಲ್ಲ. ತಪ್ಪು ಆಗಿದ್ದು ಅಲ್ಲೇ.

ಆಗಸ್ಟ್‌ನಲ್ಲಿ ನಮ್ಮ ಜೂನಿಯರ್ ಒಬ್ಬ ಹಲಸೂರು ಕೆರೆ ಪಕ್ಕದ ಫುಟ್‌ಪಾತ್ ಮೇಲೆ ಜಾರ್ತಾ ಹೋಗುವಾಗ ಚಕ್ರ ಎರಡು ಹೋಳಾಯ್ತು. ಹಿಂದಕ್ಕೆ ಬಿದ್ದ, ಕೈ ಊರಿದ. ಮಣಿಕಟ್ಟಲ್ಲಿ ಕೂದಲೆಳೆ ಬಿರುಕು, ಪ್ಲಾಸ್ಟರ್. ಅವನು ಕಳಿಸಿದ ಮೊದಲ ಮೆಸೇಜ್: "ಅಣ್ಣ, ಇನ್ನೊಂದು ಚಕ್ರ ಸಿಗುತ್ತಾ?" ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಅವನ ಮನೆಗೆ ಹೋದಾಗ ಅವರಮ್ಮ ಕಾಫಿ ಕೊಟ್ರು. ಚಕ್ರ ಮಾಡಿದ್ದು ನಾನೇ ಅಂತ ಹೇಳಿದ್ಮೇಲೂ ಕೊಟ್ರು. ಲೋಟ ಖಾಲಿ ಮಾಡೋದು ಕಷ್ಟ ಆಯ್ತು.

ಮನೆಗೆ ಬಂದು ನನ್ನದೇ ಚಕ್ರನ ಬ್ಲೇಡಲ್ಲಿ ಕೊಯ್ದೆ. ಹೊರಗೆ ಗಾಜಿನ ಥರ ನುಣುಪು. ಒಳಗೆ ಸೆಟ್ ದೋಸೆ, ಪೂರ್ತಿ ತೂತು. ಆಮೇಲೆ ಓದಿದೆ: ರೆಸಿನ್‌ನ ಒಂದು ಬಾಟಲಿಯಲ್ಲಿ ಐಸೋಸೈನೇಟ್ ಇರುತ್ತೆ. ಅದಕ್ಕೆ ನೀರಿನ ಪಸೆ ತಾಗಿದ್ರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ. ಸೋಫಾದ ಫೋಮ್ ಉಬ್ಬೋದೂ ಇದೇ ರಿಯಾಕ್ಷನ್ನಿಂದ. ಬೆಂಗಳೂರಿನ ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟು, ಗಾಳಿ ಎಳೆದು ತೆಗೆಯೋ ಪಂಪ್ ಕೂಡ ಇಲ್ಲದೆ, ನಾನು ಫೋಮ್ ಮಾಡಿ ಮಾರಿದ್ದೆ. ಮಾಸ್ಕ್ ಇಲ್ಲದೆ ಬೇರೆ. ಐಸೋಸೈನೇಟ್ ಹೊಗೆ ಆಸ್ತಮಾ ತರಿಸುತ್ತೆ, ಇದನ್ನ ಮನೆಯಲ್ಲಿ ಟ್ರೈ ಮಾಡೋಕೆ ಹೋಗ್ಬೇಡಿ ಪ್ಲೀಸ್.

ಇನ್ನೊಂದು ಲೆಕ್ಕನೂ ಹಾಕಿರಲಿಲ್ಲ. ಸ್ಕೇಟ್‌ಬೋರ್ಡ್‌ಗೆ ನಾಲ್ಕು ಚಕ್ರ, 60 ಕೆಜಿ ಹುಡುಗ ನಿಂತ್ರೆ ಸುಮಾರು 15 ಕೆಜಿ ಒಂದೊಂದಕ್ಕೆ. ನಮ್ಮ ಶೂನಲ್ಲಿ ಬೆರಳು ಎತ್ತಿದ ತಕ್ಷಣ ಎರಡೇ ಚಕ್ರ, 30 ಕೆಜಿ. ಒಂದು ಕಾಲಿಗೆ ವಾಲಿದ್ರೆ ಪೂರ್ತಿ 60. ಅದರ ಮೇಲೆ ಕಲ್ಲು ಚಪ್ಪಡಿ ಸಂದಿನ ಏಟು.

ಶಿವಾಜಿನಗರದಲ್ಲಿ ಹಳೇ ಕಾರ್ ಬಿಡಿಭಾಗ ಮಾರೋ ಗುಜರಿ ಸಾಲು ಗೊತ್ತಲ್ಲ, ಆ ಕಡೆ ಒಬ್ಬರು ಲೇತ್ ಇಟ್ಕೊಂಡಿದ್ದಾರೆ. ಒಡೆದ ಚಕ್ರ ತೋರಿಸಿದೆ. ತಿರುಗಿಸಿ ನೋಡಿ, "ಇದು ಬಿಸ್ಕತ್ತು" ಅಂದ್ರು. ಎರಕ ಯಾಕೆ ಹೊಯ್ತೀಯ, ಪಾಲಿಯುರೆಥೇನ್ ರಾಡೇ ಸಿಗುತ್ತೆ, 90 ಶೋರ್ ಎ ಗಡಸಿಂದು ತಗೊಂಡು ಕಡೆಸು ಅಂದ್ರು. ಗಾಡಿ ಬುಷ್‌ಗೆ ಹಾಕೋದೂ ಇದೇ ಮಾಲಂತೆ. ರಬ್ಬರ್ ಥರ ಇರೋದ್ರಿಂದ ಟೂಲ್ ಮುಟ್ಟಿದ್ರೆ ಬಗ್ಗುತ್ತೆ, ಹಾಗಾಗಿ "ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟು ತಾ". ಬಟಾಣಿ ಪ್ಯಾಕೆಟ್ ಪಕ್ಕ ರಾಡ್ ಇಟ್ಟೆ, ಅಮ್ಮ ಏನೂ ಕೇಳಲಿಲ್ಲ, ಕೇಳೋದು ಬಿಟ್ಟು ತುಂಬಾ ದಿನ ಆಯ್ತು. ಬೆಳಿಗ್ಗೆ ಟವೆಲ್‌ನಲ್ಲಿ ಸುತ್ಕೊಂಡು ಮೆಟ್ರೋ ಹತ್ತಿದೆ. ಬೇರಿಂಗ್ ಬಿಗಿಯಾಗಿ ಕೂರಲಿ ಅಂತ ತೂತನ್ನ 16ರ ಬದಲು 15.8 ಮಿಮೀ ಕೊರೆದ್ರು. ಮೊದಲ ಚಕ್ರನ ನಾನು ಅಲ್ಲೇ ಕೊಯ್ದು ನೋಡಿದೆ. ಅವರಿಗೆ ಸಿಟ್ಟು ಬಂತು. ಒಳಗೆ ಒಂದು ತೂತೂ ಇರಲಿಲ್ಲ.

ಆ ಚಕ್ರದ ಮೇಲೆ ನಾನೊಬ್ಬನೇ ಐದು ವಾರದಿಂದ ಓಡಾಡ್ತಿದ್ದೀನಿ. ಮಾರಲ್ಲ. ಕೇಳ್ಬೇಡಿ, ಫ್ರೆಂಡ್ ರೇಟ್ ಅಂತನೂ ಕೇಳ್ಬೇಡಿ.

8 ಜೊತೆಯಲ್ಲಿ 6 ವಾಪಸ್ ಬಂದಿವೆ, ದುಡ್ಡು ಕೊಟ್ಟಿದ್ದೀನಿ. ಇನ್ನೂ 2 ಜೊತೆ ಹೊರಗಿವೆ. ಒಂದು ಸೆಕೆಂಡ್ ಇಯರ್‌ನವರ ಹತ್ರ ಇದೆ ಅಂತ ಗೊತ್ತು, ಇನ್ನೊಂದು ಕೈ ಬದಲಾಯಿಸಿದೆಯಂತೆ. ನೀಲಿ ಬಣ್ಣ, ಪಕ್ಕದಲ್ಲಿ ಅಚ್ಚಿನ ಗೆರೆ ಕಾಣುತ್ತೆ. "ನಂದು ಚೆನ್ನಾಗೇ ಓಡ್ತಿದೆ" ಅನ್ಬೇಡಿ, ಅವನದೂ ಹಿಂದಿನ ದಿನದವರೆಗೆ ಚೆನ್ನಾಗೇ ಓಡ್ತಿತ್ತು. ಶನಿವಾರ ಸಂಜೆ 5ಕ್ಕೆ ಇಂದಿರಾನಗರ ಮೆಟ್ರೋ ಸ್ಟೇಷನ್ ಮೆಟ್ಟಿಲ ಕೆಳಗೆ ಇರ್ತೀನಿ. 400 ರೂಪಾಯಿ ಕ್ಯಾಶ್ ತಂದಿರ್ತೀನಿ. ಚಕ್ರ ಕಳಚೋ ಟೂಲೂ ನನ್ನ ಹತ್ರಾನೇ ಇದೆ, ಶೂ ಹಾಕ್ಕೊಂಡೇ ಬನ್ನಿ, ಆದ್ರೆ ನಡ್ಕೊಂಡು ಬನ್ನಿ.