ದಿನಕ್ಕೆ ಎರಡಾಣೆಯ ಪ್ರಚಾರ

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಮದುವೆಗಳಿಲ್ಲದೆ ಉಡುಪಿಯ ಕಲ್ಯಾಣ ಮಂಟಪಗಳು ಬಿಕೋ ಎನ್ನುತ್ತವೆ. ಏಪ್ರಿಲ್, ಮೇಯಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ಓಡಾಡಿದ ಫೋಟೋಗ್ರಾಫರ್, ಮದುವೆ ಕಾಗದ ವಿನ್ಯಾಸ ಮಾಡಿದ ಹುಡುಗಿ, ಮೆಹಂದಿ ಹಾಕಿದವಳು, ಎಲ್ಲರ ಫೋನೂ ಸುಮ್ಮನಾಗುತ್ತದೆ. ಮುಂದಿನ ಸೀಸನ್ನಿನ ಗಿರಾಕಿಗಳನ್ನು ಹುಡುಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಿಡುವು ಸಿಗದು. ಆದರೆ ಮಣಿಪಾಲದ ಬಾಡಿಗೆ ಕೋಣೆಯಲ್ಲಿ ಕೂತು ಪುಸ್ತಕಗಳಿಗೆ ಚಿತ್ರ ಬರೆಯುವ ಗೆಳೆಯನೊಬ್ಬ ಹೇಳುವ ಮಾತು ಇವರೆಲ್ಲರ ಮಾತೂ ಹೌದು: "ಕೆಲಸ ಮಾಡ್ಲಿಕ್ಕೆ ಎಷ್ಟು ರಾತ್ರಿ ಬೇಕಾದ್ರೂ ಕೂರ್ತೇನೆ ಮಾರಾಯ್ರೆ. ನಾನು ಹೀಗೆ ಹೀಗೆ ಅಂತ ನಾಲ್ಕು ಜನಕ್ಕೆ ಹೇಳ್ಲಿಕ್ಕೆ ಮಾತ್ರ ಮನಸ್ಸೇ ಬರುದಿಲ್ಲ."

ಅವನನ್ನು ಸೋಮಾರಿ ಎನ್ನಲಾರೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಸಾಲದ್ದಕ್ಕೆ ದಣಿವು ಬೇರೆ. ಸ್ವಂತವಾಗಿ ದುಡಿಯುವವನೇ ಬಿಲ್ಲು ಬರೆಯಬೇಕು, ಬಾಕಿ ಕೇಳಬೇಕು, ಕೆಟ್ಟ ಕಂಪ್ಯೂಟರನ್ನೂ ರಿಪೇರಿಗೆ ಹೊತ್ತೊಯ್ಯಬೇಕು. ಅದೆಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಇನ್‌ಸ್ಟಾಗ್ರಾಂ ತೆರೆದರೆ ಉತ್ಸಾಹ ಎಲ್ಲಿಂದ ಬರಬೇಕು?

ನನಗೆ ದಾರಿ ಕಾಣುವುದು ನಮ್ಮ ಚಿಕ್ಕಮೇಳಗಳಲ್ಲಿ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ಕಲಾವಿದರ ಸಂಪಾದನೆಗೂ ಅಲ್ಲಿಗೆ ತಡೆ. ಮಳೆಗಾಲದಲ್ಲಿ ಅವರಲ್ಲಿ ಕೆಲವರು ಸಣ್ಣ ತಂಡ ಕಟ್ಟಿಕೊಂಡು ಮನೆಮನೆಗೆ ಹೊರಡುತ್ತಾರೆ. ಕಾಪು ಕಡೆಯ ಒಂದು ಮನೆಯ ಚಾವಡಿಯಲ್ಲಿ ಇದನ್ನು ನೋಡಿದ್ದೇನೆ. ಬರುವ ದಿನ ಮೊದಲೇ ತಿಳಿಸಿದ್ದರು. ಮನೆಯವರು ದೀಪ ಹಚ್ಚಿ, ಬಾಳೆಎಲೆಯಲ್ಲಿ ಅಕ್ಕಿ, ತೆಂಗಿನಕಾಯಿ, ಹೂವು ಇಟ್ಟಿದ್ದರು. ಭಾಗವತರು ಕೊಡೆ ಮಡಚಿ ಮೂಲೆಗಿಟ್ಟು ಜಾಗಟೆ ಕೈಗೆತ್ತಿಕೊಂಡರು. ಒದ್ದೆ ಕಾಲಿನ ಗೆಜ್ಜೆ ಕುಣಿಯಿತು. ಸುಮಾರು ಹತ್ತು ನಿಮಿಷ, ಒಂದು ಪುಂಡುವೇಷ, ಒಂದು ಸ್ತ್ರೀವೇಷ, ಪ್ರಸಂಗದ ಒಂದು ತುಣುಕು. ಕಾಣಿಕೆ ಪಡೆದು ಮುಂದಿನ ಮನೆಗೆ ನಡೆದರು. ತಾನು ಎಂಥ ಭಾಗವತ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹಾಡಿದರು. ಹಾಡು ಮೆಚ್ಚಿದವರು ಮೇಳ ಯಾವುದೆಂದು ತಾವಾಗಿ ಕೇಳಿದರು.

ಹೊಗಳಿಕೊಳ್ಳಲು ಬೇಕಾದ ಶಕ್ತಿ ಬೇರೆ, ಕೆಲಸ ತೋರಿಸಲು ಬೇಕಾದ ಶಕ್ತಿ ಬೇರೆ. ಎರಡನೆಯದು ಕಲಾವಿದನಲ್ಲಿ ಇದ್ದೇ ಇರುತ್ತದೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅದರಿಂದ ಅವರ ಗೌರವ ಕುಂದಲಿಲ್ಲ, ಕನ್ನಡಕ್ಕೆ ಓದುಗರು ಸಿಕ್ಕಿದರು. ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದ 39 ಅಡಿಯ ಬಾಹುಬಲಿ 1973ರಲ್ಲಿ ರಸ್ತೆಯ ಮೇಲೆ ಧರ್ಮಸ್ಥಳಕ್ಕೆ ಸಾಗಿದಾಗ ದಾರಿಯುದ್ದಕ್ಕೂ ಜನ ನೆರೆದರು. ಶಿಲ್ಪಿಯ ಹೆಸರು ಆ ಕಲ್ಲಿನೊಂದಿಗೇ ಊರೂರು ದಾಟಿತು.

ಎಲ್ಲರಿಗೂ ಬಾಹುಬಲಿ ಸಿಗುವುದಿಲ್ಲ, ನಿಜ. ಸಣ್ಣದರ ಬಲ ಗೊತ್ತಿರುವ ಊರು ನಮ್ಮದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದರು. ಪ್ರಚಾರವನ್ನೂ ಪಿಗ್ಮಿಯ ಹಾಗೆ ಕಟ್ಟಬೇಕು. ಬೆಳಿಗ್ಗೆ, ಕೈಯಲ್ಲಿ ಕಸುವಿರುವಾಗಲೇ, ಗಿರಾಕಿಯ ಒಪ್ಪಿಗೆ ಪಡೆದ ಒಂದು ಚಿತ್ರ ಹಾಕಿ, ಅದನ್ನು ಹೇಗೆ ಮಾಡಿದಿರೆಂದು ಎರಡು ಸಾಲು ಬರೆಯಿರಿ. ಹಳೆಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿ "ಆಲ್ಬಮ್ ಹೇಗುಂಟು?" ಎಂದು ವಿಚಾರಿಸಿ. ಅಷ್ಟಾದ ಮೇಲೆ ಆ ದಿನದ ಕೆಲಸಕ್ಕೆ ಕೂರಿ. ಆಟಿಯಲ್ಲಿ ಅಡುಗೆ ಭಟ್ಟರನ್ನೋ ಮಂಟಪದ ಮ್ಯಾನೇಜರನ್ನೋ ಕಂಡು ಬನ್ನಿ. ಮದುವೆ ಗೊತ್ತಾದ ಸುದ್ದಿ ಮೊದಲು ಮುಟ್ಟುವುದು ಅವರಿಗೆ.

ಇನ್ನು ಕೆಲಸ ಮಾಡಿಸಿಕೊಂಡ ನಮ್ಮ ಪಾಲು. ಮಗಳ ಮದುವೆಯ ಫೋಟೋವನ್ನು ವಾಟ್ಸಾಪಿನಲ್ಲಿ ನೂರು ಜನಕ್ಕೆ ಕಳಿಸುತ್ತೇವೆ, ತೆಗೆದವನ ಹೆಸರು ಹಾಕುವುದಿಲ್ಲ. ಈ ಸಲ ಹೆಸರು ಹಾಕಿ, ಕೇಳಿದವರಿಗೆ ಅವನ ನಂಬರ್ ಕೊಡಿ. ಬಾಕಿ ಉಳಿಸಿಕೊಂಡಿದ್ದರೆ ಅದನ್ನೂ ಕೊಟ್ಟುಬಿಡಿ.