ಸಿಂಪಿಗೊಂದು ಹನಿ ಹುಳಿ

ಒಲೆ ಹಚ್ಚದೆ, ಎಣ್ಣೆ ಮುಟ್ಟದೆ, ಒಗ್ಗರಣೆ ಸಿಡಿಸದೆ ಆಗುವ ಅಡುಗೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಮಿನ್ಯೊನೆಟ್. ಹಸಿ ಸಿಂಪಿಯ ಮೇಲೆ ಹಾಕಿಕೊಳ್ಳಲು ಫ್ರೆಂಚರು ಮಾಡುವ ಹುಳಿ ಸಾಸ್ ಅದು. ಕೆಂಪು ವೈನಿನ ವಿನೆಗರ್, ಸಣ್ಣಗೆ ಹೆಚ್ಚಿದ ಶಾಲಟ್, ತರಿತರಿಯಾಗಿ ಕುಟ್ಟಿದ ಕಾಳುಮೆಣಸು. ಇಷ್ಟೇ. ಬೇಕೆನ್ನುವವರು ಒಂದು ಚಿಟಿಕೆ ಉಪ್ಪು ಹಾಕುತ್ತಾರೆ. ಸಿಂಪಿಯೇ ಕಡಲನ್ನು ಬಾಯಲ್ಲಿ ತುಂಬಿಕೊಂಡು ಬಂದಿರುವಾಗ ನಾನು ಹಾಕುವುದಿಲ್ಲ. ಸಾಮಾನು ಇಷ್ಟು ಕಡಿಮೆ ಇರುವುದರಿಂದಲೇ ಯಾವುದನ್ನೂ ಯಾವುದರ ಹಿಂದೆಯೂ ಬಚ್ಚಿಡಲಾಗದು. ವಿನೆಗರ್ ಕಳಪೆಯಾದರೆ ಮೊದಲ ಹನಿಯೇ ಹೇಳಿಬಿಡುತ್ತದೆ. ಚಾಕು ಮೊಂಡಾಗಿದ್ದರೆ ಅದೂ ತಿಳಿಯುತ್ತದೆ.

ನಾನಿರುವ ಫ್ರಾನ್ಸಿನ ರೆನ್ ಊರಿನಲ್ಲಿ ಶನಿವಾರ ಬೆಳಿಗ್ಗೆ ಲೀಸ್ ಚೌಕದ ಸಂತೆ. ಬ್ರಿಟನಿಯ ಕಡಲು ಇಲ್ಲಿಂದ ದೂರವಲ್ಲ. ಡಿಸೆಂಬರ್ ಬಂತೆಂದರೆ ಸಿಂಪಿಯವರ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಊಟಕ್ಕೆ ಸಿಂಪಿ ಇಲ್ಲದ ಮನೆ ಈ ಕಡೆ ಅಪರೂಪ. ತೆಳು ಮರದ ಪೆಟ್ಟಿಗೆಗಳಲ್ಲಿ ಕಡಲಪಾಚಿಯ ಹಾಸಿನ ಮೇಲೆ ಒತ್ತಾಗಿ ಜೋಡಿಸಿ, ನಂಬರ್ ಬರೆದಿರುತ್ತಾರೆ. ನಂಬರ್ ಹೆಚ್ಚಾದಷ್ಟೂ ಸಿಂಪಿ ಚಿಕ್ಕದು. ಮೂರನೇ ನಂಬರಿನದು ಚಿಪ್ಪೂ ಸೇರಿ 66ರಿಂದ 85 ಗ್ರಾಂ ತೂಗುತ್ತದೆ. ಒಂದೇ ತುತ್ತಿಗೆ ಹಿತವಾದ ಅಳತೆ. ಅಂಗಡಿಯಾಕೆ ಹಣ ತೆಗೆದುಕೊಳ್ಳುವ ಮೊದಲು ಕೇಳುವ ಪ್ರಶ್ನೆ, "ಯಾವತ್ತು ತಿನ್ನುತ್ತೀರಿ?" ಅದಕ್ಕೆ ತಕ್ಕಂತೆ ಆರಿಸಿ, ಗುಳಿಯ ಭಾಗ ಕೆಳಗಿರುವಂತೆ ಇಟ್ಟು, ಒಳಗಿನ ನೀರು ಸೋರದಂತೆ ಕಟ್ಟಿಕೊಡುತ್ತಾಳೆ. ಅವು ಜೀವಂತ ಪ್ರಾಣಿಗಳೆಂಬುದು ಆಕೆಯ ಕೈಗೆ ಒಂದು ಗಳಿಗೆಯೂ ಮರೆಯುವುದಿಲ್ಲ.

ಸಾಸ್ ಆರಂಭವಾಗುವುದು ವಿನೆಗರಿನಿಂದ, ವಿನೆಗರ್ ಆರಂಭವಾಗುವುದು ವೈನಿನಿಂದ. ಭಾರತದ ಅಂಗಡಿಗಳಲ್ಲಿ ಸಿಗುವ ಬಿಳಿ ಸಿಂಥೆಟಿಕ್ ವಿನೆಗರ್ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಅದರಲ್ಲಿ ಹುಳಿ ಇದೆ, ಹುಳಿಯ ಹಿಂದೆ ಏನೂ ಇಲ್ಲ. ವೈನಿನ ವಿನೆಗರಿನಲ್ಲಾದರೋ ದ್ರಾಕ್ಷಿಯ ನೆನಪು ಇರುತ್ತದೆ. ಮೂಗಿಗೆ ಹಿಡಿದರೆ ಮೊದಲು ಘಾಟು, ಅದರ ಬೆನ್ನಿಗೆ ಹಣ್ಣು, ಮರದ ಪೀಪಾಯಿ. ಯುರೋಪಿನ ಕಾನೂನಿನ ಪ್ರಕಾರ ಅದರ ಆಮ್ಲ ಶೇಕಡಾ 6ಕ್ಕಿಂತ ಕಡಿಮೆ ಇರಕೂಡದು. ಹಾಗಾಗಿ ಒಳ್ಳೆಯದು ಮೊನಚಾಗಿಯೇ ಇರುತ್ತದೆ, ಆದರೆ ಗಂಟಲನ್ನು ಕೆರೆಯುವುದಿಲ್ಲ.

ಈ ವಿನೆಗರಿಗೆ ಹಿಂದಿನಿಂದಲೂ ಹೆಸರಾದ ಊರು ಓರ್ಲೆಯಾಂ. ಲ್ವಾರ್ ನದಿ ಪ್ಯಾರಿಸ್ಸಿಗೆ ಹತ್ತಿರವಾಗುವುದು ಅಲ್ಲಿಯೇ. ನದಿಯುದ್ದಕ್ಕೂ ದೋಣಿಯಲ್ಲಿ ಬಂದ ವೈನ್ ಪೀಪಾಯಿಗಳು ಅಲ್ಲಿ ಇಳಿದು, ಮುಂದೆ ಗಾಡಿ ಹತ್ತಿ ರಾಜಧಾನಿಗೆ ಹೋಗಬೇಕಿತ್ತು. ದಾರಿಯಲ್ಲಿ ಹುಳಿ ತಿರುಗಿದ ವೈನನ್ನು ಮುಂದೆ ಕಳಿಸುವುದುಂಟೇ? ಅದು ಓರ್ಲೆಯಾಂನಲ್ಲೇ ಉಳಿಯಿತು, ಊರಿಗೆ ಒಂದು ಕಸುಬು ಕೊಟ್ಟಿತು. ಪೀಪಾಯಿಯನ್ನು ಪೂರ್ತಿ ತುಂಬದೆ, ಗಾಳಿಯಾಡಲು ಬಿಟ್ಟು, ಮೇಲೆ ತೆಳ್ಳಗೆ ಕೆನೆಗಟ್ಟಿದ ಪೊರೆಯನ್ನು ಕದಡದಂತೆ ಕಾದುಕೊಳ್ಳುವ ನಿಧಾನದ ವಿಧಾನ ಅದು. ಆಗಾಗ ಸ್ವಲ್ಪ ವಿನೆಗರ್ ತೆಗೆಯುವುದು, ತೆಗೆದಷ್ಟು ವೈನ್ ಸೇರಿಸುವುದು. ಆ ಪೊರೆ ಜೀವವುಳ್ಳದ್ದು, ಗಾಳಿಯ ಆಮ್ಲಜನಕ ಹಿಡಿದು ಮದ್ಯವನ್ನು ಹುಳಿಯಾಗಿಸುವುದು ಅದೇ ಎಂದು ಲೂಯಿ ಪಾಶ್ಚರ್ 1867ರಲ್ಲಿ ಅದೇ ಊರಿಗೆ ಹೋಗಿ ಉಪನ್ಯಾಸ ಕೊಟ್ಟ. ತಲೆಮಾರುಗಳಿಂದ ಅದನ್ನು ಸಾಕಿಕೊಂಡು ಬಂದ ಕೈಗಳೆದುರು ನಿಂತು ಆ ಮಾತು ಹೇಳಿದ್ದು ನನಗೆ ಬಹಳ ಹಿಡಿಸುತ್ತದೆ.

ಇನ್ನು ಶಾಲಟ್. ನಮ್ಮ ಸಾಂಬಾರ್ ಈರುಳ್ಳಿಯ ಹತ್ತಿರದ ನೆಂಟ. ಅದಿಲ್ಲದ ಕಡೆ ಸಾಂಬಾರ್ ಈರುಳ್ಳಿಯೇ ಅದರ ಜಾಗದಲ್ಲಿ ಗೌರವದಿಂದ ನಿಲ್ಲಬಲ್ಲದು. ದೊಡ್ಡ ಈರುಳ್ಳಿ ಮಾತ್ರ ಬೇಡ. ಅದರ ಘಾಟು ಸಿಂಪಿಯ ಮೇಲೆ ಸವಾರಿ ಮಾಡುತ್ತದೆ. ಎರಡು ಡಜನ್ ಸಿಂಪಿಗೆ ಮಧ್ಯಮ ಗಾತ್ರದ ಎರಡು ಶಾಲಟ್, 100 ಮಿಲಿ ವಿನೆಗರ್, ಒಂದು ಟೀ ಚಮಚ ಮೆಣಸು, ಇದು ನನ್ನ ಲೆಕ್ಕ. ಶಾಲಟನ್ನು ಉದ್ದಕ್ಕೆ ಸೀಳಿ, ಬುಡ ಬಿಡಿಸದೆ ಗೆರೆ ಗೆರೆಯಾಗಿ ಕೊಯ್ದು, ಆಮೇಲೆ ಅಡ್ಡಕ್ಕೆ ಹೆಚ್ಚುತ್ತ ಬರಬೇಕು. ಚೂರುಗಳು ರಾಗಿಕಾಳಿಗಿಂತ ತುಸು ದಪ್ಪ, ಅಷ್ಟೇ. ಮಿಕ್ಸಿಗೆ ಹಾಕಿದರೆ ಅರೆಗಳಿಗೆಯಲ್ಲಿ ಮುಗಿಯುತ್ತದೆ ನಿಜ, ಆದರೆ ಅದು ಹೆಚ್ಚುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಶಾಲಟ್ ನೀರು ಬಿಟ್ಟು ಕಹಿಯಾಗುತ್ತದೆ, ಸಾಸ್ ಕಲಕಿಹೋಗುತ್ತದೆ. ಹರಿತವಾದ ಚಾಕುವಿನಲ್ಲಿ ಕೊಯ್ದ ಚೂರಿಗೆ ಅಂಚು ಇರುತ್ತದೆ; ಮೆತ್ತನೆಯ ಸಿಂಪಿಯ ನಡುವೆ ಹಲ್ಲಿಗೆ ಸಿಕ್ಕಿ ಕರುಕ್ ಎನ್ನುವ ಆ ಒಂದು ಸದ್ದಿಗಾಗಿಯೇ ಈ ಶ್ರಮ. ನಾನು ಇದಕ್ಕೆ ಆತುರಪಡುವುದಿಲ್ಲ. ರೇಡಿಯೋ ಕೂಡ ಹಾಕುವುದಿಲ್ಲ.

ಮೆಣಸಿನ ವಿಷಯದಲ್ಲಿ ನನ್ನ ಹಟ ಇನ್ನೂ ಹೆಚ್ಚು. ಶಿರಸಿಯ ಗೆಳತಿಯೊಬ್ಬಳ ಅಡಿಕೆ ತೋಟದ ಮೆಣಸು ನನ್ನ ಅಡುಗೆಮನೆಯ ಡಬ್ಬಿಯಲ್ಲಿ ಸದಾ ಇರುತ್ತದೆ. ಯುರೋಪಿನ ಅಡುಗೆಮನೆಗೆ ಮೆಣಸು ಹೋದದ್ದೇ ನಮ್ಮ ಘಟ್ಟದ ಬಳ್ಳಿಗಳಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 16ನೇ ಶತಮಾನದ ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಈ ಮೆಣಸನ್ನು ಪುಡಿ ಮಾಡಬಾರದು. ನುಣ್ಣನೆಯ ಪುಡಿ ವಿನೆಗರಿನಲ್ಲಿ ಕೆಸರಾಗಿ ತಳಕ್ಕಿಳಿಯುತ್ತದೆ, ಖಾರ ಮಾತ್ರ ಉಳಿದು ಪರಿಮಳ ಹಾರಿಹೋಗುತ್ತದೆ. ಕುಟ್ಟಾಣಿಯಲ್ಲಿ ಒಂದೊಂದು ಕಾಳು ಮೂರೋ ನಾಲ್ಕೋ ಚೂರಾಗುವಷ್ಟು ಕುಟ್ಟಿ, ಕುಟ್ಟಿದ ತಕ್ಷಣ ವಿನೆಗರಿಗೆ ಬಿಡಬೇಕು. ಆಗ ಏಳುವ ವಾಸನೆಯಲ್ಲಿ ನಿಂಬೆ ಇದೆ, ಹಸಿ ಮರವಿದೆ, ಮಳೆ ಬಿದ್ದ ತೋಟವಿದೆ.

ಬೆರೆಸಿದ ಮೇಲೆ ಮುಚ್ಚಿ ತಣ್ಣಗಿಡಬೇಕು. ಅರ್ಧ ಗಂಟೆ ತೀರಾ ಕಡಿಮೆ. ಎರಡು ಮೂರು ಗಂಟೆಯಾದರೆ ಹದ. ಹುಳಿ ಶಾಲಟಿನ ಘಾಟನ್ನು ಮೆಲ್ಲಗೆ ಇಳಿಸುತ್ತದೆ, ಶಾಲಟ್ ಹುಳಿಗೆ ಒಂದಿಷ್ಟು ಸಿಹಿ ಕೊಡುತ್ತದೆ. ಬಿಳಿ ವೈನಿನ ವಿನೆಗರಿನಲ್ಲಿ ಮಾಡಿದರೆ ಕಣ್ಣಿಗೂ ಹಬ್ಬ: ಶಾಲಟಿನ ನೇರಳೆ ಬಣ್ಣ ಆಮ್ಲ ತಾಗಿದೊಡನೆ ಗುಲಾಬಿಗೆ ತಿರುಗಿ, ಇಡೀ ಬಟ್ಟಲು ಕೆಂಪೇರುತ್ತದೆ. ಅಮೆರಿಕದಲ್ಲಿ ಶಾಂಪೇನ್ ವಿನೆಗರ್ ಬಳಸುವವರು ಬಹಳ. ಕೆಲವರು ಸಕ್ಕರೆಯನ್ನೂ ಸೇರಿಸುತ್ತಾರೆ. ಸಕ್ಕರೆ ನನಗೆ ಒಪ್ಪಿಗೆಯಿಲ್ಲ. ಚಳಿಗಾಲದ ಸಿಂಪಿ ತನ್ನ ಮೈಯಲ್ಲೇ ಗ್ಲೈಕೋಜನ್ ಕೂಡಿಸಿಟ್ಟುಕೊಂಡು ತಾನೇ ಸಿಹಿಯಾಗಿರುತ್ತದೆ. ಆ ಸಿಹಿ ಉಪ್ಪಿನ ಅಡಿಯಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸುವುದೇ ಹುಳಿಯ ಕೆಲಸ. ಬೇಸಿಗೆಯಲ್ಲಿ ಮೊಟ್ಟೆಗಟ್ಟಿ ಹಾಲುಹಾಲಾಗಿರುವ ಸಿಂಪಿಗೆ ಈ ಸಾಸ್ ಅಷ್ಟು ಒಗ್ಗುವುದಿಲ್ಲ.

ಸಾಸ್ ಕಾಯುತ್ತಿರುವ ಹೊತ್ತಿನಲ್ಲಿ ಸಿಂಪಿ ತೆರೆಯುವುದು. ದಪ್ಪ ಬಟ್ಟೆಯನ್ನು ಮಡಿಸಿ ಎಡಗೈಯಲ್ಲಿ ಹಿಡಿದು, ಗುಳಿ ಕೆಳಗಾಗಿ, ಚೂಪು ತುದಿಯ ಕೀಲು ನನ್ನ ಕಡೆಗೆ ಬರುವಂತೆ ಇಟ್ಟುಕೊಳ್ಳುತ್ತೇನೆ. ಕೀಲಿನಿಂದ ಮೂರನೇ ಎರಡು ಭಾಗ ಮೇಲೆ, ಬಲ ಅಂಚಿನಲ್ಲಿ ಗಿಡ್ಡ ಚಾಕು ತೂರಿಸಿದರೆ ಚಿಪ್ಪನ್ನು ಬಿಗಿಹಿಡಿದ ಸ್ನಾಯು ಸಿಗುತ್ತದೆ. ಅದನ್ನು ಕೊಯ್ದರೆ ಮುಚ್ಚಳ ತಾನೇ ಸಡಿಲ. ಮೊದಲ ನೀರನ್ನು ಚೆಲ್ಲಿಬಿಡಬೇಕು. ಸ್ವಲ್ಪ ಹೊತ್ತಿಗೆ ಸಿಂಪಿ ಇನ್ನೊಮ್ಮೆ ನೀರು ಬಿಡುತ್ತದೆ. ಅದು ತಿಳಿಯಾಗಿ, ರುಚಿಯಾಗಿ ಇರುತ್ತದೆ. ಕಪ್ಪು ಅಂಚಿನ ನಿರಿಗೆಗೆ ಚಾಕುವಿನ ತುದಿ ತಾಗಿಸಿದರೆ ಅದು ಹಿಂದೆ ಸರಿಯಬೇಕು. ಸರಿಯದಿದ್ದರೆ, ವಾಸನೆ ಸಂಶಯ ಹುಟ್ಟಿಸಿದರೆ, ಎಷ್ಟೇ ದುಡ್ಡು ಕೊಟ್ಟಿರಲಿ, ಎಸೆಯುವುದೇ.

ಹುಳಿ ಹಾಕಿದ ಮಾತ್ರಕ್ಕೆ ಹಸಿ ಸಿಂಪಿ ಶುದ್ಧವಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ವಿನೆಗರಾಗಲಿ ನಿಂಬೆಯಾಗಲಿ ವೈರಸ್ಸನ್ನೂ ವಿಬ್ರಿಯೋ ಬ್ಯಾಕ್ಟೀರಿಯಾವನ್ನೂ ತಟ್ಟೆಯ ಮೇಲೆ ಕೊಲ್ಲುವುದಿಲ್ಲ. 2023ರ ಡಿಸೆಂಬರಿನಲ್ಲಿ ಫ್ರಾನ್ಸಿನ ಆರ್ಕಶೋಂ ಕೊಲ್ಲಿಯ ಸಿಂಪಿಗಳಲ್ಲಿ ನೋರೋವೈರಸ್ ಕಂಡು, ಹೊಸ ವರ್ಷಕ್ಕೆ ಕೆಲವೇ ದಿನ ಇರುವಾಗ ಮಾರಾಟ ನಿಲ್ಲಿಸಿದರು. ಸಿಂಪಿ ನೀರನ್ನು ಸೋಸಿ ಬದುಕುವ ಜೀವಿ. ನಾವು ನೀರಿಗೆ ಬಿಟ್ಟದ್ದು ಅದರ ಹೊಟ್ಟೆ ಸೇರುತ್ತದೆ. ಗರ್ಭಿಣಿಯರು, ಯಕೃತ್ತಿನ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿಯದನ್ನು ಮುಟ್ಟಬಾರದು. ಕಾರವಾರದ ಕಡೆ ಕಾಳಿ ನದಿಯ ಅಳಿವೆಯ ಸಿಂಪಿಯನ್ನು, ಅಂದರೆ ಕಲ್ವವನ್ನು, ತೆಂಗಿನಕಾಯಿ ಮಸಾಲೆಯಲ್ಲಿ ಚೆನ್ನಾಗಿ ಬೇಯಿಸಿಯೇ ಉಣ್ಣುವುದು. ಅಲ್ಲಿಯ ಬೆಚ್ಚನೆಯ ನೀರಿಗೆ ಅದೇ ಸರಿಯಾದ ಕ್ರಮ, ಈ ಸಾಸನ್ನು ಅಲ್ಲಿಗೆ ಒಯ್ಯುವ ಆಸೆ ನನಗಿಲ್ಲ.

ಮಿನ್ಯೊನೆಟ್ ಬೇಕೇ ಬೇಡವೇ ಎಂಬ ಜಗಳ ಫ್ರಾನ್ಸಿನಲ್ಲಿ ಹಳೆಯದು. ಆರ್ಕಶೋಂನವರು ಸಿಂಪಿಯ ಜೊತೆ ಬಿಸಿಬಿಸಿ ಕ್ರೆಪಿನೆಟ್ ಸಾಸೇಜು ಕಚ್ಚುತ್ತಾರೆ. ನಮ್ಮ ಪಕ್ಕದ ಮನೆಯ ಹಿರಿಯಾಕೆ ಏನನ್ನೂ ಹಾಕಿಕೊಳ್ಳುವುದಿಲ್ಲ. "ಕಡಲು ಸಾಲದೇ ನಿಮಗೆ?" ಎಂದು ನನ್ನ ಬಟ್ಟಲಿನ ಕಡೆ ನೋಡುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ, ಆದ್ದರಿಂದ ಮೊದಲನೆಯದನ್ನು ನಾನೂ ಬರಿದಾಗಿಯೇ ತಿನ್ನುತ್ತೇನೆ. ಕಾಂಕಾಲ್ ಬಂದರಿನಲ್ಲಿಯಂತೂ ಸಾಸಿನ ನೆನಪೇ ಬರುವುದಿಲ್ಲ. ಅಲ್ಲಿ ಉಬ್ಬರವಿಳಿತದ ಅಂತರ 14 ಮೀಟರ್ ಮುಟ್ಟುವುದುಂಟು. ನೀರು ಹಿಂದೆ ಸರಿದರೆ ಸಿಂಪಿಯ ಹೊಲಗಳು ಮೈಲಿಗಟ್ಟಲೆ ತೆರೆದುಕೊಳ್ಳುತ್ತವೆ. ಜನ ಗೋಡೆಯ ಮೇಲೆ, ಮೆಟ್ಟಿಲ ಮೇಲೆ ಕುಳಿತು ತಿಂದು ಚಿಪ್ಪನ್ನು ಕೆಳಗಿನ ದಂಡೆಗೇ ಎಸೆಯುತ್ತಾರೆ. 1735ರಲ್ಲಿ ಜಾಂ-ಫ್ರಾನ್ಸ್ವಾ ದ ತ್ರುವಾ ವರ್ಸಾಯ್ ಅರಮನೆಗೆಂದು ಬರೆದ ಸಿಂಪಿ ಊಟದ ಚಿತ್ರದಲ್ಲೂ ನೆಲದ ತುಂಬ ಚಿಪ್ಪುಗಳೇ, ಮೇಲೆ ಗಾಳಿಯಲ್ಲಿ ಶಾಂಪೇನಿನ ಬಿರಡೆ.

ಮನೆಯ ಮೇಜು ಬೇರೆ. ಕಡಲು ಎದುರಿಗಿಲ್ಲದ ಕಡೆ ಅರ್ಧ ಚಮಚ ಹುಳಿಗೆ ಜಾಗವಿದೆ, ಅರ್ಧಕ್ಕಿಂತ ಹೆಚ್ಚಿಗಿಲ್ಲ. ಚಮಚದಲ್ಲಿ ಶಾಲಟ್ ಕಡಿಮೆ, ರಸ ಹೆಚ್ಚು ಬರಬೇಕು. ಮೊದಲು ಉಪ್ಪು, ಕೂಡಲೇ ಹುಳಿ, ಅಗಿದಾಗ ಸಿಹಿ, ನುಂಗಿದ ಮೇಲೆ ಮೆಣಸು. ನಡುನಡುವೆ ಉಪ್ಪು ಬೆಣ್ಣೆ ಬಳಿದ ರೈ ಬ್ರೆಡ್ಡು, ತಣ್ಣನೆಯ ಮಸ್ಕಡೆ ವೈನ್. ಸಿಂಪಿ ಮುಗಿದ ಮೇಲೆ ಬಟ್ಟಲಿನಲ್ಲಿ ಸಾಸ್ ಉಳಿಯುತ್ತದೆ, ಯಾವಾಗಲೂ. ಮರುದಿನ ಅದಕ್ಕೆ ಒಂದಿಷ್ಟು ಸಾಸಿವೆ, ಆಲಿವ್ ಎಣ್ಣೆ ಹಾಕಿ ಕಲಸಿ ಬೇಯಿಸಿದ ಬೀಟ್‌ರೂಟಿನ ಮೇಲೆ ಸುರಿಯಿರಿ. ಅದರಾಚೆಗೆ ಇಡಬೇಡಿ, ಶಾಲಟ್ ಮೆತ್ತಗಾಗಿ ಕರುಕು ಹೋಗಿರುತ್ತದೆ.