ಉತ್ತಮ ಪುರುಷ

ವ್ಯಾಕರಣ ಕಲಿಸುವಾಗ ಏಳನೆಯ ತರಗತಿಯ ಹುಡುಗರಲ್ಲಿ ಒಬ್ಬನಾದರೂ ಪ್ರತಿವರ್ಷ ಈ ಪ್ರಶ್ನೆ ಕೇಳುತ್ತಾನೆ. "ಅಕ್ಕೋರ, 'ನಾನು' ಅನ್ನೋದಕ್ಕ ಉತ್ತಮ ಪುರುಷ ಅಂತ ಯಾಕ ಅಂತಾರ್ರಿ? ಉಳಿದವ್ರು ಉತ್ತಮ ಅಲ್ಲೇನ್ರಿ?" "ಅದು ಬರೇ ಹೆಸರಪಾ, ಮುಂದಕ್ಕ ಓದು" ಎಂದು ನಾನು ದಾಟಿಸಿಬಿಡುತ್ತಿದ್ದೆ. ಆ ಹುಡುಗನ ಪ್ರಶ್ನೆಯನ್ನು ನನ್ನ ತಲೆಯೊಳಗೆ ನಿಲ್ಲಿಸಿದ್ದು ಒಂದು ಕಂಪ್ಯೂಟರ್ ಆಟ ಎಂದರೆ ನೀವು ನಗುತ್ತೀರಿ. ನಗಿರಿ, ಆದರೆ ಪೂರ್ತಿ ಕೇಳಿ.

2005ರ ಬೇಸಿಗೆ ರಜೆ. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಒಂದು ಹಳೆಯ ಕಂಪ್ಯೂಟರನ್ನೂ ನಾಲ್ಕಾರು ಸೀಡಿಗಳನ್ನೂ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋದ. ಹನ್ನೊಂದು ವರ್ಷದ ಮಗ ಊಟ ಬಿಟ್ಟ, ನಿದ್ದೆ ಬಿಟ್ಟ. ಕರೆಂಟು ಹೋದಾಗ ಮಾತ್ರ ನಮಗೆ ಅವನ ಮುಖದರ್ಶನ. ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಢಂ ಢಂ ಗುಂಡಿನ ಸಪ್ಪಳ. ನಮ್ಮತ್ತೆಯವರು "ಮನಿ ಅಂಬೋದು ಮನಿ ಉಳೀಲಿಲ್ಲವ್ವಾ, ದಂಡಿನ ಠಾಣೆ ಆತು" ಎಂದು ಜಪಮಣಿ ಹಿಡಿದು ಒಳಕೋಣೆಗೆ ಸರಿದರು.

ಆಟದ ಹೆಸರು ಹಾಫ್-ಲೈಫ್. ಅಮೆರಿಕದ ವಾಲ್ವ್ ಎಂಬ ಕಂಪನಿ 1998ರಲ್ಲಿ ಹೊರತಂದದ್ದು. ನ್ಯೂ ಮೆಕ್ಸಿಕೋದ ಬ್ಲ್ಯಾಕ್ ಮೇಸಾ ಎಂಬ ಕಾಲ್ಪನಿಕ ಪ್ರಯೋಗಶಾಲೆಯಲ್ಲಿ ಒಂದು ಪ್ರಯೋಗ ಕೆಟ್ಟು, ಬೇರೊಂದು ಲೋಕದ ಪ್ರಾಣಿಗಳು ಒಳನುಗ್ಗುತ್ತವೆ. ಗಾರ್ಡನ್ ಫ್ರೀಮನ್ ಎಂಬ ವಿಜ್ಞಾನಿ ಜೀವ ಉಳಿಸಿಕೊಳ್ಳಲು ಓಡುತ್ತಾನೆ. ರಕ್ಷಿಸಲು ಬಂದರೆಂದುಕೊಂಡ ಸೈನಿಕರೇ ಸಾಕ್ಷಿ ಉಳಿಯಬಾರದೆಂದು ವಿಜ್ಞಾನಿಗಳನ್ನು ಕೊಲ್ಲತೊಡಗುತ್ತಾರೆ. ಆಡುವವನಿಗೆ ತನ್ನ ಮುಖ ಕಾಣುವುದಿಲ್ಲ. ಕೈ ಕಾಣುತ್ತದೆ, ಕೈಯೊಳಗಿನ ಬಂದೂಕು ಕಾಣುತ್ತದೆ, ಎದುರಿನವರು ಕಾಣುತ್ತಾರೆ. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಅಪ್ಪಟ ಉತ್ತಮ ಪುರುಷದ ಆಟ. ಎದುರಿಗೆ ಬರುವವರೆಲ್ಲ "ಅವರು".

"ಎಷ್ಟ ಮಂದೀನ ಕೊಂದ್ಯೋ ಇವತ್ತ?" ಎಂದು ನಾನು ಗದರಿದರೆ, "ಅವ್ರು ಕೆಟ್ಟವ್ರವಾ, ಮಿಲಿಟ್ರಿಯವ್ರು" ಎನ್ನುತ್ತಿದ್ದ.

ಶಾಲೆ ಸುರುವಾಗುವ ಮುಂಚಿನ ವಾರ ಅವನು ಎರಡನೆಯ ಸೀಡಿ ಹಾಕಿದ. ಆಪೋಸಿಂಗ್ ಫೋರ್ಸ್ ಎಂದು ಅದರ ಹೆಸರು. ಅದು ಹೊಸ ಆಟವಲ್ಲ, ಎಕ್ಸ್‌ಪಾನ್ಶನ್ ಪ್ಯಾಕ್ ಎಂದು ತಿಳಿಸಿ ಹೇಳಿದ. ಇದ್ದ ಮನೆಗೆ ಒಂದು ಕೋಣೆ ಕೂಡಿಸಿದ ಹಾಗೆ. ಮೂಲ ಆಟ ಇಲ್ಲದಿದ್ದರೆ ಇದು ನಡೆಯುವುದೇ ಇಲ್ಲ. ಗೇರ್‌ಬಾಕ್ಸ್ ಎಂಬ ಬೇರೊಂದು ಕಂಪನಿ 1999ರಲ್ಲಿ ಮಾಡಿದ್ದು. ಅದೇ ಪ್ರಯೋಗಶಾಲೆ, ಅದೇ ಅನಾಹುತ. ಆದರೆ ಈಗ ಆಡುವವನು ಏಡ್ರಿಯನ್ ಶೆಫರ್ಡ್ ಎಂಬ ಕಾರ್ಪೊರಲ್. ಅಂದರೆ ಮೊದಲಿನ ಆಟದಲ್ಲಿ ಮಗ ಕೊಂದನಲ್ಲ, ಆ ಸೈನಿಕರ ಪೈಕಿಯವನು!

ಕುತೂಹಲಕ್ಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕುಳಿತೆ. ಶೆಫರ್ಡನ ವಿಮಾನ ಕೆಳಗಿಳಿಯುವ ಮೊದಲೇ ಬೀಳುತ್ತದೆ. ತಾವು ಬಂದದ್ದು ಯಾಕೆ ಎಂಬ ಆಜ್ಞೆ ಅವನ ಕಿವಿಗೆ ಬಿದ್ದೇ ಇಲ್ಲ. ಎಚ್ಚರವಾದಾಗ ಅವನ ಆರೈಕೆ ಮಾಡುತ್ತಿರುವವರು ಅವನ ಸಂಗಾತಿಗಳು ಕೊಲ್ಲಲು ಬಂದ ಅದೇ ವಿಜ್ಞಾನಿಗಳು! ಜೊತೆಗಿನ ಸೈನಿಕರಲ್ಲಿ ಗಾಯಕ್ಕೆ ಔಷಧ ಹಾಕುವವನೊಬ್ಬ, ಮುಚ್ಚಿದ ಬಾಗಿಲು ಕೊರೆದು ಕೊಡುವವನೊಬ್ಬ. ಮೊದಲಿನ ಆಟದಲ್ಲಿ ಇವರಿಗೆಲ್ಲ ಒಂದೇ ಹೆಸರು, "ಅವರು".

ಒಂದು ಕಡೆ ಮಗ ಕೂಗಿದ. "ಅವ್ವಾ, ಅಲ್ನೋಡು, ನಾನ ಹೊಂಟೀನಿ!" ದೂರದಲ್ಲಿ ಫ್ರೀಮನ್ ಬೆಳಕಿನ ಬಾಗಿಲೊಳಗೆ ಜಿಗಿದು ಬೇರೆ ಲೋಕಕ್ಕೆ ಹೋಗುತ್ತಿದ್ದ. ಹಿಂದಿನ ವಾರ ತಾನೇ ಆಗಿದ್ದವನನ್ನು ಮಗ ಈಗ ಹೊರಗೆ ನಿಂತು ನೋಡುತ್ತಿದ್ದ. ಅವನ ಬೆನ್ನು ಹತ್ತಿ ಹೋದರೆ ಆಟ ಅಲ್ಲಿಗೇ ಮುಗಿಯುತ್ತದಂತೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತೈದು ವರ್ಷ ಮುಚ್ಚಿಟ್ಟಿದ್ದ ಒಂದು ಬಾಗಿಲು ತೆರೆದಿತ್ತು.

1980ರ ಜುಲೈ 21, ಸೋಮವಾರ. ನರಗುಂದದವರಿಗೆ ಆ ದಿನ ಯಾವುದೆಂದು ಹೇಳಬೇಕಾಗಿಲ್ಲ. ಮಲಪ್ರಭೆಯ ಕಾಲುವೆ ಬಂದಿತ್ತು, ನೀರು ಬಾರದ ಹೊಲಕ್ಕೂ ಕರ ಬಂದಿತ್ತು. ರೈತರು ಬೀದಿಗೆ ಇಳಿದರು. ನರಗುಂದದಲ್ಲೂ ನವಲಗುಂದದಲ್ಲೂ ಗೋಲಿಬಾರ್ ಆಗಿ ರೈತರು ಸತ್ತರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ನನಗಾಗ ಹತ್ತು ವರ್ಷ. ನಮ್ಮಪ್ಪ ಆ ಗುಂಪಿನಲ್ಲಿ ಹೋಗಿದ್ದ. ಸಂಜೆ ಬರಿಗಾಲಲ್ಲಿ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತವನು ಕಂಡದ್ದನ್ನು ಸಾಯುವತನಕ ಹೇಳಲಿಲ್ಲ.

ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಪೊಲೀಸ್ ಪೇದೆಯೊಬ್ಬನ ಮಗಳು. ಅವಳ ಬುತ್ತಿಯ ಶೇಂಗಾ ಚಟ್ನಿ ನನಗೆ, ನನ್ನ ಬುತ್ತಿಯ ಮೊಸರು ಅವಳಿಗೆ. ಶಾಲೆ ಮತ್ತೆ ಸುರುವಾದ ದಿನ ಅವಳು ಬಂದು ಎಂದಿನ ಜಾಗದಲ್ಲಿ ಕುಳಿತಳು. ನಾನು ಪಾಟೀಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಅವಳು ಒಮ್ಮೆ ತಿರುಗಿ ನೋಡಿದಳು, ಅಷ್ಟೇ. ಎರಡು ವಾರ ಒಬ್ಬಳೇ ಕುಳಿತಳು, ಒಬ್ಬಳೇ ಉಂಡಳು. ಪಂಚಮಿ ಹಬ್ಬ ಮುಗಿಸಿ ಬಂದಾಗ ಅವಳ ಜಾಗ ಖಾಲಿ. ಅಪ್ಪನಿಗೆ ವರ್ಗವಾಗಿತ್ತಂತೆ. ಆ ದಿನ ಅವಳಪ್ಪ ಎಲ್ಲಿದ್ದ, ಅವನ ಕೈಯಲ್ಲಿ ಬಂದೂಕು ಇತ್ತೋ ಇಲ್ಲವೋ, ರಾತ್ರಿ ಅವನು ಮನೆಗೆ ಬಂದನೋ ಇಲ್ಲವೋ, ಒಂದನ್ನೂ ನಾನು ಕೇಳಲಿಲ್ಲ. "ಅವರು" ಎಂಬ ಒಂದು ಮಾತು ನನಗೆ ಸಾಕಾಗಿತ್ತು.

ತಪ್ಪು ತಿಳಿಯಬೇಡಿ. ರೈತರಿಗೆ ಆದ ಅನ್ಯಾಯವನ್ನು ನಾನು ತೂಗಿ ಸರಿದೂಗಿಸಲು ಹೊರಟಿಲ್ಲ. ಆ ಕರದ ಭಾರ ನಮ್ಮಪ್ಪನ ಹೆಗಲ ಮೇಲೂ ಇತ್ತು. ಮಗನ ಎರಡನೆಯ ಸೀಡಿ ಮೊದಲನೆಯದನ್ನು ಅಳಿಸಲಿಲ್ಲ, ಮೊದಲನೆಯದಿಲ್ಲದೆ ನಡೆಯಲೂ ಇಲ್ಲ. ಫ್ರೀಮನ್‌ಗೆ ಆದದ್ದು ಆದದ್ದೇ. ಆದರೆ ಮನೆಗೆ ಕೂಡಿಸಿದ ಕೋಣೆಯಿಂದ ಅದೇ ಅಂಗಳ ಬೇರೆಯಾಗಿ ಕಾಣುತ್ತದೆ. ಅಷ್ಟು ಮಾತ್ರ.

ಆಟ ಮುಗಿದ ದಿನ ಮಗನನ್ನು ಕೇಳಿದ್ದೆ, "ಕಡೀಗೆ ಆ ಶೆಫರ್ಡ್ ಏನಾದ?" "ಯಾರಿಗೂ ತ್ರಾಸ ಆಗದಂಗ, ಅವಗೂ ಯಾರೂ ತ್ರಾಸ ಕೊಡದಂಗ ಎಲ್ಲೋ ಒಂದ ಕಡೆ ಕೂಡಿ ಹಾಕಿಬಿಡ್ತಾರವಾ. ಮುಂದಿನ ಆಟದಾಗ ಅವ ಬರಂಗಿಲ್ಲ." ಮಗ ಮುಂದಿನ ಸೀಡಿ ಹುಡುಕತೊಡಗಿದ. ನಾನು ರೊಟ್ಟಿಯ ಹಿಟ್ಟು ನಾದಲು ಎದ್ದೆ. ಎಷ್ಟು ಹೊತ್ತು ನಾದಿದೆನೋ, ಅತ್ತೆಯವರು ಬಂದು "ಸಾಕವ್ವಾ" ಎನ್ನಬೇಕಾಯಿತು.

ಈಗ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನಾನು ಪ್ರತಿ ಜುಲೈಯಲ್ಲಿ ಹುತಾತ್ಮ ರೈತರ ಕಥೆಯನ್ನು ಮಕ್ಕಳಿಗೆ ಮೊದಲಿನಂತೆಯೇ ಹೇಳುತ್ತೇನೆ. ಕೊನೆಗೆ ಒಂದು ಮಾತು ಕೂಡಿಸುತ್ತೇನೆ: "ಅವತ್ತು ಪೊಲೀಸರ ಮನೆಯಲ್ಲೂ ಮಕ್ಕಳು ಅಪ್ಪನ ದಾರಿ ಕಾಯುತ್ತಿದ್ದವು." ಈ ಸಲ ಕಡೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ನಿಮ್ಮ ಸಾಲ್ಯಾಗ ಅಂಥಾಕಿ ಯಾರರ ಇದ್ರೇನ್ರಿ ಅಕ್ಕೋರ?"

ನಲವತ್ತೈದು ವರ್ಷದ ಮೇಲೆ ಮೊದಲ ಬಾರಿಗೆ ಅವಳ ಹೆಸರನ್ನು ಬಾಯಿಬಿಟ್ಟು ಹೇಳಿದೆ.